ಬರೆಯದೆ ಬಿಟ್ಟ ಗರಿ

ನಮ್ಮ ಮನೆಯಲ್ಲಿ ಒಳ್ಳೆಯ ಜಾಗ ಇದ್ದದ್ದು ಮನುಷ್ಯರಿಗಲ್ಲ, ತೆಂಗಿನಕಾಯಿಗೆ. ಅಡುಗೆಮನೆಯಿಂದ ನಡುಮನೆಯ ತನಕ ನೆತ್ತಿಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಕೊಬ್ಬರಿಗೆ ಬಿಟ್ಟ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು ಒಲೆಯ ಹೊಗೆ ಕುಡಿಯಬೇಕು, ಒಳಗಿನ ನೀರು ತಾನಾಗೇ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು. ಅದಕ್ಕೆ ಬೆಚ್ಚನೆಯ, ಸೋರದ ಜಾಗವೇ ಆಗಬೇಕು. ನಾವು ಮಿಕ್ಕ ಜಾಗದಲ್ಲಿ ಬದುಕಿದೆವು. ಆ ಮಿಕ್ಕಿದ್ದರಲ್ಲೂ ಮಿಕ್ಕಿದ್ದು ಗಿರಿಜತ್ತೆಯ ಕೋಣೆ. ಕಿಟಕಿ ಇಲ್ಲ, ಬಾಗಿಲಿಂದ ಬಂದಷ್ಟೇ ಬೆಳಕು. ಅಟ್ಟದ ಏಣಿ ಅದೇ ಕೋಣೆಯಲ್ಲಿ ಇದ್ದದ್ದರಿಂದ ಯಾರು ಬೇಕಾದರೂ ಕೇಳದೆ ಒಳಗೆ ಬರಬಹುದಿತ್ತು, ಬರುತ್ತಲೂ ಇದ್ದರು. ಅತ್ತೆ ಸೀರೆ ಮಡಿಸುತ್ತಿರಲಿ, ಜ್ವರ ಬಂದು ಮಲಗಿರಲಿ, ಅಪ್ಪ ಕಾಯಿ ನೋಡುತ್ತೇನೆ ಅಂತ ಏಣಿ ಹತ್ತಿಬಿಡುತ್ತಿದ್ದ. ಅತ್ತೆ ಅಪ್ಪನ ತಂಗಿ. ತುರುವೇಕೆರೆ ಕಡೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದು ನೊಣವಿನಕೆರೆ ಬಸ್ಸಿನಲ್ಲಿ ವಾಪಸು ಬಂದಳು. ಯಾಕೆ ಅಂತ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಎಲ್ಲದಕ್ಕೂ ಯಾಕೆ ಅನ್ನುತ್ತಿದ್ದ ನಾನು ಕೂಡ ಅದೊಂದನ್ನು ಕೇಳಲಿಲ್ಲ. ಕೇಳದೆಯೇ ತೀರ್ಪು ಕೊಟ್ಟೆ. ಈ ಅಧ್ಯಾಯ ಅದರದ್ದೇ.

ಊಟದ ಸಾಲಿನಲ್ಲಿ ಅತ್ತೆಯದು ಕೊನೆಯ ತಟ್ಟೆ. ಮುದ್ದೆ ಕಟ್ಟುವವಳು ಅವಳು, ತಿನ್ನುವಾಗ ಅವಳಿಗೆ ಸಿಗುತ್ತಿದ್ದದ್ದು ಪಾತ್ರೆಯ ತಳದ ಸೀಕು ಮತ್ತು ತಣ್ಣಗಾದ ಉಪ್ಸಾರು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ, ಮಾತಾಡುವ ಕೆಲಸವನ್ನು ಅಜ್ಜಿ ವಹಿಸಿಕೊಂಡಿದ್ದಳು. ಹಣೆ ತುಂಬ ವಿಭೂತಿ ಬಳಿದುಕೊಂಡು ಒಲೆಯ ಮುಂದೆ ಕೂತ ಅಜ್ಜಿಗೆ, ಮಗಳ ಮೇಲೆ ಎರಡು ದೂರು. ಒಂದು ಬಾಳುವೆಯದು, ಇನ್ನೊಂದು ಪಿಯುಸಿಯದು. ಇಂಗ್ಲಿಷಿನಲ್ಲಿ ಎರಡು ಸಲ ಕೂತರೂ ಅತ್ತೆ ಪಾಸಾಗಿರಲಿಲ್ಲ.

"ಅಲ್ಲೂ ನಿಲ್ಲಲಿಲ್ಲ, ಇಲ್ಲೂ ಪಾಸಾಗಲಿಲ್ಲ. ಏನು ಬಂತೇ ನಿನ್ನ ಕೈಗೆ?"

"ಮುದ್ದೆ ಬಂತಲ್ಲವ್ವ. ತಿಂತಾ ಇದೀಯಲ್ಲ," ಅನ್ನುವಳು ಅತ್ತೆ. ಅಜ್ಜಿಯ ಬಾಯಿ ತುಂಬ ಮುದ್ದೆ ಇರುವ ಹೊತ್ತು ನೋಡಿಯೇ ಅನ್ನುವಳು.

ನಾನು ಐದನೇ ಕ್ಲಾಸಿಗೆ ಬಂದ ವರ್ಷ ಅತ್ತೆ ನಮ್ಮೂರಿನ ಸರ್ಕಾರಿ ಶಾಲೆಗೆ ಹೋಗಿ, ವಾರಕ್ಕೆ ಮೂರು ದಿನ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ, ನನಗೆ ಏನೂ ಕೊಡಬೇಡಿ ಅಂದಳು. ಊರಿನ ಹೆಸರು ಬರೆಯುವುದಿಲ್ಲ, ಬಿಳಿಗೆರೆಯಿಂದ ದೂರವೇನಲ್ಲ. ಹೆಡ್ಮೇಷ್ಟ್ರು ಒಪ್ಪಿದರು. ಬಣ್ಣ ಎಲ್ಲಿಂದ ತರ್ತೀಯಮ್ಮ ಅಂದರಂತೆ. ಅತ್ತೆ ಕೆರೆಯಂಗಳದ ಕೆಮ್ಮಣ್ಣು, ಒಲೆಯ ಮಸಿ, ಸುಣ್ಣ, ಅರಿಶಿನ ಇಷ್ಟನ್ನು ನಾಲ್ಕು ಚಿಪ್ಪಿನಲ್ಲಿ ಕಲಸಿಕೊಂಡು ಹೋದಳು. ಕುಂಚದ ಬದಲು ಜಜ್ಜಿದ ಗರಿಕಡ್ಡಿ. ಏನನ್ನು ಬರೆಯುವುದು? ಶಾಲೆಯ ಹಿಂದೆ ಕಲ್ಲು ಮುಳ್ಳು ತುಂಬಿದ ಜಾಗವೊಂದಿತ್ತು. ಅದನ್ನು ಮಕ್ಕಳ ಕೈಲೇ ಹಸನು ಮಾಡಿಸಿ, ಬಿಸಿಯೂಟದ ತಟ್ಟೆ ತೊಳೆದ ನೀರು ಅಲ್ಲಿಗೇ ಹರಿಯುವಂತೆ ಕಾಲುವೆ ತೆಗೆಸಿ, ಬಸಳೆ, ನುಗ್ಗೆ, ಬದನೆ, ಪಪ್ಪಾಯಿ ಹಾಕಿಸಿದಳು. ಒಬ್ಬೊಬ್ಬರಿಗೂ ಒಂದೊಂದು ಗಿಡ. ತಿಂಗಳಿಗೊಮ್ಮೆ ಅವರವರ ಗಿಡದ ಮುಂದೆ ಕೂತು ಅದು ಇದ್ದ ಹಾಗೆ ಬರೆಯಬೇಕು. ಬುಡಕ್ಕೆ ಕಾಯಿ ಸುಲಿದ ತೆಂಗಿನ ಮಟ್ಟೆ ಹೂಳುವುದನ್ನೂ ಅಲ್ಲೇ ಕಲಿತದ್ದು. ತೆಂಗಿನ ಸೀಮೆಯ ಮಕ್ಕಳಾದರೂ ನಾವು ಮಟ್ಟೆಯನ್ನು ಬೋರಲು ಇಟ್ಟಿದ್ದೆವು. ಅತ್ತೆ ಒಂದೊಂದನ್ನೂ ಮಗುಚಿ ಇಟ್ಟಳು: ಬೊಗಸೆ ಮೇಲಾಗಿರಬೇಕು, ಬೋರಲಾದರೆ ನೀರು ಯಾರ ಕೈಲಿ ನಿಲ್ಲುತ್ತೆ ಅಂತ.

ನನ್ನ ಪಾಲಿಗೆ ಕೊಟ್ಟದ್ದು ತೆಂಗಿನ ಸಸಿ. ಹುಡುಗರು ನಕ್ಕರು. ಊರ ತುಂಬ ತೆಂಗೇ ಐತೆ, ಇಸ್ಕೂಲಲ್ಲೂ ತೆಂಗಾ ಅಂದರು. ನಾನೂ ಜಗಳಕ್ಕೆ ಹೋದೆ.

"ಅವರಿಗೆಲ್ಲ ಎರಡೇ ತಿಂಗಳಿಗೆ ಕಾಯಿ ಬಿಡೋ ಗಿಡ. ನನಗ್ಯಾಕೆ ಇದು?"

"ಇದು ನಿಧಾನ ಕಣೇ. ನಿನ್ನಂಥ ಅವಸರದೋಳಿಗೆ ಇದೇ ಸರಿ."

"ಇದು ತಾರತಮ್ಯ."

"ಹೂಂ, ತಾರತಮ್ಯವೇ. ನೀರು ಹಾಕು, ಹೋಗು."

ನನಗೆ ಸಸಿ ಕೊಟ್ಟ ದಿನವೇ ಮನೆಯಲ್ಲಿ ತನ್ನ ಕೋಣೆಯ ಗೋಡೆಯ ಮೇಲೆ, ಏಣಿಯ ಪಕ್ಕ, ಸೊಂಟದೆತ್ತರದಲ್ಲಿ ಅತ್ತೆ ಅದೇ ಸಸಿಯನ್ನು ಕೆಮ್ಮಣ್ಣಿನಲ್ಲಿ ಬರೆದಳು. ಗೇಣುದ್ದದ ಚಿತ್ರ. ಮುಂದಿನ ತಿಂಗಳು ಅದರ ಪಕ್ಕಕ್ಕೆ ಇನ್ನೊಂದು. ಹಾಗೆ ತಿಂಗಳಿಗೊಂದರಂತೆ ಸಾಲು ಬೆಳೆಯಿತು. ತೆಂಗು ತಿಂಗಳಿಗೊಂದು ಗರಿ ಬಿಡುತ್ತೆ ಅಂತ ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆ ತಿಳಿವಳಿಕೆಯೇ ನನ್ನನ್ನು ಕೆಡಿಸಿತು. ಒಂದು ತಿಂಗಳು ಶಾಲೆಯಲ್ಲಿ ಗಿಡವನ್ನು ಸರಿಯಾಗಿ ನೋಡದೆ, ಹೊಸ ಗರಿ ಬಂದೇ ಬಂದಿರುತ್ತೆ ಅಂದುಕೊಂಡು, ಪುಸ್ತಕದಲ್ಲಿ ಒಂದು ಗರಿ ಸೇರಿಸಿ ಚೆಂದವಾಗಿ ಬರೆದು ತಂದು ತೋರಿಸಿದೆ. ಅತ್ತೆ ನನ್ನ ರೆಟ್ಟೆ ಹಿಡಿದು ವಾಪಸು ಶಾಲೆಗೆ ಕರೆದುಕೊಂಡು ಹೋದಳು. ಅವತ್ತು ಶನಿವಾರ ಮಧ್ಯಾಹ್ನ, ಯಾರೂ ಇರಲಿಲ್ಲ. ಗಿಡದ ಮುಂದೆ ನಿಲ್ಲಿಸಿದಳು.

"ತೋರ್ಸು. ಎಲ್ಲೈತೆ?"

"ಬರಬೇಕಿತ್ತು."

"ಬರಬೇಕಿತ್ತು ಅನ್ನೋದು ನಿನ್ನ ಮಾತು. ಗಿಡದ ಮಾತಲ್ಲ. ಕಂಡದ್ದನ್ನ ಬರಿ, ಬೇಕಾದ್ದನ್ನಲ್ಲ. ಇಲ್ಲದ್ದನ್ನ ಬರೆದ್ರೆ ಗಿಡ ಸೊರಗಿದ್ದು ನಿಂಗೆ ಹೆಂಗೆ ಗೊತ್ತಾಗುತ್ತೆ?"

ಕೂತು ನೋಡಿದರೆ ನಿಜವಾಗಿಯೂ ಸೊರಗಿತ್ತು. ಕಾಲುವೆಗೆ ಕಲ್ಲು ಬಿದ್ದು ನೀರು ಅಡ್ಡಹರಿದಿತ್ತು. ಕಲ್ಲು ತೆಗೆದೆವು. ಪುಸ್ತಕದ ಆ ಗರಿಯನ್ನು ನಾನೇ ಉಗುರಿನಿಂದ ಕೆರೆದು ಅಳಿಸಿದೆ, ಹಾಳೆ ತೂತಾಯಿತು. ಈಗ ನಾನು ತಿಪಟೂರಿನ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಸಾಕ್ಷಿ ಎಲ್ಲಿ ಅಂತ ಕೇಳುವುದು ನನ್ನ ಹೊಟ್ಟೆಪಾಡು. ಆ ಪ್ರಶ್ನೆಯನ್ನು ನನಗೆ ಲಾ ಕಾಲೇಜು ಕಲಿಸಿತು ಅಂತ ಬಹಳ ವರ್ಷ ನಂಬಿದ್ದೆ.

ಮನೆಯಲ್ಲಿ ಅಜ್ಜಿಯ ದೂರು ಎರಡರಿಂದ ಮೂರಾಯಿತು. ಕೈಲಾಗದೋಳು, ಹೊತ್ತು ಕಳೆಯೋಕೆ ಗಿಡ ನೆಡ್ತಾಳೆ ಅನ್ನುವಳು. ಆದರೆ ಬೀದಿಯಲ್ಲಿ ಬೇರೆಯೇ ನಡೆಯುತ್ತಿತ್ತು. ಅತ್ತೆ ಹಾಲಿನ ಡೈರಿಗೆ ಹೋದರೆ ಮಕ್ಕಳು ಜಗಲಿಯಿಂದ ಧುಮುಕಿ ನಮಸ್ತೆ ಟೀಚರ್ ಅನ್ನುತ್ತಿದ್ದರು. ಬಾಳುವೆ ಬಿಟ್ಟು ಬಂದವಳು ಅಂತ ಕಣ್ಣು ತಪ್ಪಿಸುತ್ತಿದ್ದ ಅವರ ತಾಯಂದಿರು ಕೂಡ, ಟೀಚರ್ರೇ ನಮ್ಮ ಹುಡುಗಿ ಹೆಂಗೆ ಬರೀತಾಳೆ ಅಂತ ನಿಲ್ಲಿಸಿ ಕೇಳುತ್ತಿದ್ದರು. ಆ ಒಂದು ಪದಕ್ಕೆ ಅತ್ತೆ ಬೆಳಿಗ್ಗೆ ಬೇಗ ಏಳುತ್ತಿದ್ದಳು, ಸೀರೆಗೆ ಪಿನ್ನು ಹಾಕುತ್ತಿದ್ದಳು. ಅಪ್ಪ ಕೂಡ ಒಮ್ಮೆ, ಮೂರು ವರ್ಷದಲ್ಲಿ ಒಂದೇ ಸಲ, ಏಣಿ ಹತ್ತುವ ಮೊದಲು ಬಾಗಿಲಲ್ಲಿ ನಿಂತು ಕೆಮ್ಮಿದ. ಇದು ನನಗೆ ಆಗಲೇ ಕಾಣುತ್ತಿತ್ತು. ಕಾಣಲಿಲ್ಲ ಅಂತ ಬರೆದರೆ ಇಲ್ಲದ ಗರಿ ಬರೆದ ಹಾಗೆ.

ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನಾನು ಹೆಡ್ಮೇಷ್ಟ್ರ ಕೈಯ ಚರ್ಚಾಪಟು. ಅವರ ತಾಲೀಮು ಒಂದೇ: ಚೀಟಿ ಎತ್ತು, ಯಾವ ಕಡೆ ಬಂದರೂ ಗೆಲ್ಲು. ನಂಬೋದು ನಿಮ್ಮಪ್ಪನ ಮನೇಲಿ, ಇಲ್ಲಿ ಗೆಲ್ಲಬೇಕು ಅನ್ನುತ್ತಿದ್ದರು. ಮನೆಯಲ್ಲಿ ನನ್ನ ಹೆಸರು ಲಾಯರಮ್ಮ ಆಯಿತು. ಅತ್ತೆ ಮಾತ್ರ ಆ ಹೆಸರು ಕರೆಯಲಿಲ್ಲ. ಅಟ್ಟದಲ್ಲಿ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಬಂದರೆ ಹಿಂದಕ್ಕೆ, ಒಣಗಿದ ಗುಂಡಿನ ಸದ್ದು ಬಂದರೆ ಮುಂದಕ್ಕೆ ಇಡುತ್ತಾ, ಕೆಳಗೆ ನಿಂತು ಭಾಷಣ ಒಪ್ಪಿಸುತ್ತಿದ್ದ ನನಗೆ, "ಸದ್ದು ಚೆನ್ನಾಗೈತೆ. ನೀನಿನ್ನೂ ನೀರುಗಾಯಿ," ಅನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ವರ್ಷದ ಕೊನೆಗೆ ಶಾಲೆಯ ವಾರ್ಷಿಕೋತ್ಸವ. ಊರವರ ಮುಂದೆ ಚರ್ಚಾಸ್ಪರ್ಧೆ. ವಿಷಯ: ಶಾಲಾ ಕೈತೋಟ ಮಕ್ಕಳ ಕಲಿಕೆಗೆ ಅಗತ್ಯ. ನನ್ನ ಚೀಟಿಯಲ್ಲಿ 'ವಿರೋಧ' ಅಂತ ಬಂತು. ಬದಲಾಯಿಸಿಕೊಡಿ ಅಂತ ಕೇಳಬಹುದಿತ್ತು, ಮೇಷ್ಟ್ರು ಒಪ್ಪುತ್ತಿದ್ದರು ಅಂತಲೇ ಇವತ್ತಿಗೂ ಅನ್ನಿಸುತ್ತೆ. ಕೇಳಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ, ಸ್ವಲ್ಪ ಜಂಬದಿಂದಲೇ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಮೊರ ಪಕ್ಕಕ್ಕಿಟ್ಟು ನನ್ನ ಜೊತೆ ತಯಾರಿಗೆ ಕೂತಳು.

"ಏನೇನು ಹೇಳ್ತೀಯ?"

"ಪಾಠದ ಹೊತ್ತು ಹಾಳು ಅಂತೀನಿ."

"ಅದು ಸುಳ್ಳು, ನಾವು ಪಾಠದ ಹೊತ್ತಲ್ಲಿ ಮಾಡಲ್ಲ. ಮೊದಲನೇ ಮಾತಿಗೇ ಬಿದ್ದೋಗ್ತೀಯ. ನಿಜ ಇರೋದು ಹೇಳು. ಕಳೆ ಕೀಳೋದು ಬರೀ ಹೆಣ್ಮಕ್ಕಳು, ನೀರು ಬಿಡೋದು ಗಂಡುಹುಡುಗ್ರು. ನಾನು ಎಷ್ಟು ಹೇಳಿದ್ರೂ ಸರಿ ಹೋಗಿಲ್ಲ. ಅದನ್ನ ಹೇಳು. ಬೇಸಿಗೆ ರಜೆಲಿ ಯಾರೂ ಬರಲ್ಲ, ಅರ್ಧ ಗಿಡ ಒಣಗುತ್ತೆ. ಅದೂ ನಿಜ."

"ಅತ್ತೆ, ನೀನು ನನ್ನ ಕಡೆನಾ, ನಿನ್ನ ಕಡೆನಾ?"

"ಯಾರ ಕಡೆಯೂ ಅಲ್ಲ ಕಣೇ. ಇರೋದು ಇದು."

ಮೂರು ದಿನ ಹಾಗೆ ತಾಲೀಮು ನಡೆಯಿತು. ಅವಳೇ ಎದುರಾಳಿ, ಅವಳೇ ಮದ್ದು ತುಂಬಿಕೊಡುವವಳು. ವಾರ್ಷಿಕೋತ್ಸವದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ, ಎದುರು ಸಾಲಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಅಪ್ಪ, ಅಜ್ಜಿ, ಊರಿನ ಅರ್ಧ ಜನ. ಅತ್ತೆ ಹೆಂಗಸರ ಸಾಲಿನ ತುದಿಯಲ್ಲಿ, ಪಿನ್ನು ಹಾಕಿದ ಹಸಿರು ಸೀರೆಯಲ್ಲಿ. ಅವಳು ಹೇಳಿಕೊಟ್ಟಷ್ಟನ್ನು ಹೇಳಿದೆ. ಚೆನ್ನಾಗಿಯೇ ಹೋಯಿತು. ಪ್ರತಿವಾದದ ಸುತ್ತು ಬಂತು. ಎದುರಿಗೆ ನನ್ನ ಕ್ಲಾಸಿನ ಮಂಜ. ಅವನು ಬಾಯಿಪಾಠದ ಹುಡುಗ, ಅವನಿಗೆ ಸ್ವಂತ ಮಾತು ಬರುವುದಿಲ್ಲ ಅಂತ ನಾನು ಅಸಡ್ಡೆಯಲ್ಲಿದ್ದೆ. ಅವನು ಮೈಕ್ ಹಿಡಿದು, "ಕೈತೋಟ ಬ್ಯಾಡ ಅಂತೀಯಲ್ಲ, ನಿಮ್ಮತ್ತೇನೇ ನಮ್ಮ ಟೀಚರ್ರು. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಅಂದ. ಜನ ಗೊಳ್ಳೆಂದರು. ಮಂಜನ ಕಡೆಗೆ ಚಪ್ಪಾಳೆ ಬಿತ್ತು. ನನಗೆ ಸೋಲಿನ ವಾಸನೆ ಬಡಿಯಿತು. ನನ್ನ ಬಾಯಿಗೆ ಬಂದದ್ದು ನಮ್ಮ ಅಡುಗೆಮನೆಯ ಮಾತು.

"ಟೀಚರ್ ಅಂತ ಯಾರನ್ನ ಕರೀತೀರಿ? ಪಿಯುಸಿ ಪಾಸಾಗದವರು, ಬಾಳುವೆ ಬಿಟ್ಟು ಬಂದು ಹೊತ್ತು ಕಳೆಯೋಕೆ ಗಿಡ ನೆಡುವವರು ಮಾಡೋದಕ್ಕೆಲ್ಲ ಶಿಕ್ಷಣ ಅಂತ ಹೆಸರಿಡಬಹುದೇ?"

ಎಲ್ಲಿಂದಲೋ ಒಂದು ಶಿಳ್ಳೆ, ಅದರ ಹಿಂದೆ ಚಪ್ಪಾಳೆ. ಮೊದಲ ಬಹುಮಾನ, ಸ್ಟೀಲಿನ ಊಟದ ಡಬ್ಬಿ. ಅಧ್ಯಕ್ಷರು ಕೈಗೆ ಕೊಡುವಾಗ ಬೆನ್ನು ತಟ್ಟಿ, ಮಗು ಇದ್ದದ್ದನ್ನ ಇದ್ದಂಗೆ ಹೇಳಿತು ಅಂದರು. ಇದ್ದದ್ದನ್ನ ಇದ್ದಂಗೆ! ನಾನು ಹೆಂಗಸರ ಸಾಲಿನ ತುದಿ ನೋಡಿದೆ. ಅತ್ತೆಯೂ ಚಪ್ಪಾಳೆ ತಟ್ಟುತ್ತಿದ್ದಳು, ಉಳಿದವರು ನಿಲ್ಲಿಸಿದ ಮೇಲೂ ಒಂದೆರಡು ಸಲ, ನಿಲ್ಲಿಸುವುದು ಮರೆತವಳ ಹಾಗೆ.

ಅವತ್ತಿನ ಊಟದಲ್ಲಿ ಅಜ್ಜಿ ತನ್ನ ಮೂರು ದೂರಿನಲ್ಲಿ ಒಂದನ್ನೂ ಎತ್ತಲಿಲ್ಲ. ತನ್ನ ಮಾತು ಶಾಮಿಯಾನದ ಕೆಳಗೆ ಮೈಕಿನಲ್ಲಿ ಕೇಳಿದ್ದು ಅವಳಿಗೂ ಸರಿಬಂದಿರಲಿಲ್ಲ. ಅತ್ತೆ ನನ್ನ ತಟ್ಟೆಗೆ ಮುದ್ದೆ ಇಟ್ಟಳು.

"ಚೆನ್ನಾಗಿ ಮಾತಾಡ್ದೆ ಕಣೇ. ಅದೊಂದು ಮಾತು ಮಾತ್ರ ನಾವು ತಾಲೀಮು ಮಾಡಿರಲಿಲ್ಲ."

ನಾನು ಮುದ್ದೆ ಮುರಿಯುತ್ತಾ, ಪ್ರತಿವಾದದಲ್ಲಿ ತಾಲೀಮು ಇರಲ್ಲ ಅತ್ತೆ ಅಂದೆ. ಹನ್ನೆರಡು ವರ್ಷದವಳು ಅಂತ ನನ್ನನ್ನು ನಾನು ಬಿಡಿಸಿಕೊಳ್ಳಲು ನೋಡಿದ್ದೇನೆ. ಆ ವಾದ ನಿಲ್ಲುವುದಿಲ್ಲ. ನೋವಾಗುತ್ತೆ ಅಂತ ಗೊತ್ತಿದ್ದೇ ಹುಡುಕಿ ಎತ್ತಿಕೊಂಡ ಮಾತು ಅದು.

ಬೇಸಿಗೆ ರಜೆಯಲ್ಲಿ ಸಮಿತಿ ಸೇರಿತು. ಶಾಲೆಗೆ ಒಂದು ರಂಗಮಂಟಪ ಬೇಕು, ಹಿಂದಿನ ಜಾಗ ಸುಮ್ಮನೆ ಬಿದ್ದಿದೆ, ಅವರ ಮನೆ ಮಗುವೇ ಎಲ್ಲರ ಮುಂದೆ ಹೇಳಿದೆಯಲ್ಲ ಅಂದರಂತೆ. ಅತ್ತೆಗೆ ಯಾರೂ ತಿಳಿಸಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಎಂದಿನಂತೆ ಅಪ್ಪನ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಗಿಡಗಳಿಗೆ ನೀರು ಹಾಕಲು ಹೋದವಳು ಜೇಸಿಬಿಯ ಮುಂದೆ ನಿಂತಳು. ಬಸಳೆ ಚಪ್ಪರ, ನುಗ್ಗೆ, ಪಪ್ಪಾಯಿ ಎಲ್ಲ ಒಂದು ಗುಡ್ಡೆಯಾಗಿದ್ದವು. ಹೂತಿದ್ದ ಮಟ್ಟೆಗಳು ಮೇಲೆದ್ದು ಒಣಮಣ್ಣಿನಲ್ಲಿ ಬೊಗಸೆ ತೆರೆದುಕೊಂಡು ಬಿದ್ದಿದ್ದವಂತೆ. ಹೊತ್ತು ನೆತ್ತಿಗೆ ಬಂದಾಗ ಅತ್ತೆ ಮನೆಗೆ ಬಂದಳು. ಅದೇ ಸೈಕಲ್ಲಿನ ಕ್ಯಾರಿಯರಿಗೆ ನನ್ನ ತೆಂಗಿನ ಗಿಡವನ್ನು ಕಟ್ಟಿ, ತಳ್ಳಿಕೊಂಡು ಬಂದಿದ್ದಳು. ಗಿಡ ಆಗಲೇ ನನ್ನೆತ್ತರ. ಗರಿಗಳು ದಾರಿಯುದ್ದ ಧೂಳು ಗುಡಿಸಿಕೊಂಡು ಬಂದಿದ್ದವು. ಒಂದು ಮಗ್ಗುಲಿನ ಬೇರು ಪೂರ ಕತ್ತರಿಸಿಹೋಗಿತ್ತು.

"ಅವರು ಬ್ಯಾಡ ಅಂದ್ಮೇಲೆ ನೀನ್ಯಾಕೆ ಹೋಗ್ತೀಯ, ಬುಡು," ಅಂದ ಅಪ್ಪ.

"ಹೋಗಲ್ಲ ಕಣಣ್ಣ. ಗುದ್ದಲಿ ಎಲ್ಲೈತೆ?"

ಬಚ್ಚಲಿನ ಹಿಂದೆ ನೀರು ಬೀಳುವ ಕಡೆ ಗುಂಡಿ ತೆಗೆದು ನೆಟ್ಟಳು. ಬುಡಕ್ಕೆ ಮಟ್ಟೆ ಇಟ್ಟಳು, ನೆರಳಿಗೆ ಸೋಗೆ ಕಟ್ಟಿದಳು. ನಾನು ದೂರ ನಿಂತು ನೋಡಿದೆ. ಕೊಡ ತರಲಾ ಅಂತಲೂ ಕೇಳಲಿಲ್ಲ. ಶಾಲೆ ಶುರುವಾದಾಗ ಅವಳು ಹೋಗಲಿಲ್ಲ. ಡೈರಿಯ ಹತ್ತಿರ ಮಕ್ಕಳು ಮೊದಲು ಟೀಚರ್ ಅನ್ನುತ್ತಿದ್ದರು, ಆಮೇಲೆ ಗಿರಿಜಕ್ಕ ಅಂದರು, ಆಮೇಲೆ ಸುಮ್ಮನಾದರು. ಆದರೆ ಗೋಡೆಯ ಮೇಲಿನ ಸಾಲು ನಿಲ್ಲಲಿಲ್ಲ. ಮೇ ತಿಂಗಳ ಚಿತ್ರದಲ್ಲಿ ಗರಿಗಳು ಜೋತುಬಿದ್ದಿದ್ದವು. ಜೂನಿನದರಲ್ಲಿ ಎರಡು ಗರಿ ಕಮ್ಮಿ. ಜುಲೈನಲ್ಲಿ ನೆತ್ತಿಯ ಎಳೆಯ ಸುಳಿ ಒಂದೇ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಅವಳು ಚಿಪ್ಪಿನಲ್ಲಿ ಕೆಮ್ಮಣ್ಣು ಕಲಸುತ್ತಿದ್ದಾಗ ಹೋಗಿ ನಿಂತೆ. ಕ್ಷಮೆ ಕೇಳಬೇಕಿತ್ತು. ಮೂರು ಅಂಶ ಮಾಡಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ, ಭಾಷಣದ ಹಾಗೆ. ಬಾಯಿಂದ ಬಂದದ್ದು ಬೇರೆ.

"ಅತ್ತೆ, ಒಂದು ಗರಿ ಬರಿ. ಹೊಸದು. ಸುಮ್ನೆ."

ಅವಳು ತುಂಬ ಹೊತ್ತು ಗೋಡೆ ನೋಡಿದಳು.

"ಇಲ್ಲದ್ದನ್ನ ಹೆಂಗೆ ಬರೀಲೇ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೆಳಕಿಗೆ ಅಡ್ಡ ನಿಂತಿದೀಯ, ಪಕ್ಕಕ್ಕೆ ಬಾ."

ಪಕ್ಕಕ್ಕೆ ಬಂದೆ. ಆಗಸ್ಟಿನ ಚಿತ್ರದಲ್ಲಿ ಸುಳಿಯೂ ಇಲ್ಲ, ಒಂದು ಮೋಟು ಅಷ್ಟೇ. ಅದೇ ಕೊನೆಯದು.

ಆಮೇಲೆ ನಾವು ಒಂದೇ ಮನೆಯಲ್ಲಿ ಏಳೆಂಟು ವರ್ಷ ಇದ್ದೆವು. ಅವಳು ಮುದ್ದೆ ಕಟ್ಟಿದಳು, ಕಾಯಿ ಅಲ್ಲಾಡಿಸಿದಳು, ನಾನು ಗೆದ್ದು ತಂದ ಕಪ್ಪುಗಳ ಧೂಳು ಒರೆಸಿದಳು. ಬಣ್ಣ ಕಲಸಲಿಲ್ಲ. ನಾನು ಡಿಗ್ರಿ ಮುಗಿಸುವ ವರ್ಷ ಅವಳಿಗೆ ಕಾಯಿಲೆ ಬಂತು. ಮೂರೇ ತಿಂಗಳು. ತಿಪಟೂರಿನ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತ ಒಂದು ಮಧ್ಯಾಹ್ನ, ಇವತ್ತು ಹೇಳಿಯೇ ಬಿಡುತ್ತೇನೆ ಅಂತ ಅವಳ ಕೈ ಹಿಡಿದೆ. ಅವಳೇ ಮೊದಲು ಮಾತಾಡಿದಳು.

"ಆ ಗಿಡದ ಇನ್ನೊಂದು ಮಗ್ಗುಲ ಬೇರಲ್ಲಿ ಜೀವ ಇತ್ತು ಕಣೇ. ಮೇ ತಿಂಗಳಾಗದೆ ಇದ್ದಿದ್ರೆ ಹತ್ತಿಬಿಡ್ತಿತ್ತು."

ತಪ್ಪನ್ನು ಅವಳು ಬಿಸಿಲಿನ ಮೇಲೆ ಹಾಕಿಬಿಟ್ಟಳು. ಕಂಡದ್ದನ್ನಷ್ಟೇ ಹೇಳುತ್ತಿದ್ದವಳು ನನಗಾಗಿ ಆಡಿದ ಒಂದೇ ಸುಳ್ಳು ಅದು. ನಾನು ಅದನ್ನು ಹಾಗೇ ತೆಗೆದುಕೊಂಡೆ. ಹೂಂ ಅತ್ತೆ, ಬಿಸಿಲು ಜಾಸ್ತಿ ಇತ್ತು ಅಂದೆ.

ಶಾಲೆಯ ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಬೆಳೆದು, ಎಲೆಯ ಚಿತ್ರ ಬರೆದುಬಿಟ್ಟರೆ ಭೂಮಿ ಉಳಿಯುತ್ತೆ ಅನ್ನುವುದನ್ನು ನಾನು ಇವತ್ತೂ ನಂಬುವುದಿಲ್ಲ. ಯಾರಾದರೂ ವೇದಿಕೆಯಲ್ಲಿ ಹಾಗಂದರೆ ಎದ್ದು ನಿಂತು ಕೇಳುತ್ತೇನೆ, ಸಾಕ್ಷಿ ಎಲ್ಲಿ ಅಂತ. ಅತ್ತೆಯೂ ಹಾಗೆ ಹೇಳಿರಲಿಲ್ಲ. ಅವಳು ಹೇಳಿದ್ದು ಗಿಡ ಸೊರಗಿದರೆ ಗೊತ್ತಾಗಬೇಕು ಅಂತ, ಅಷ್ಟೇ. ನಮ್ಮ ಮನೆಯಲ್ಲಿ ಮೂರು ವರ್ಷ ಒಬ್ಬಳು ಚಿಗುರಿದ್ದು, ಆಮೇಲೆ ಸೊರಗಿದ್ದು, ನಾನು ನೋಡುತ್ತಲೇ ಇದ್ದೆ.

ಈ ವರ್ಷ ಮನೆಗೆ ಬಣ್ಣ ಹೊಡೆಸಿದೆವು. ಪೇಂಟರ್ ಅಂಗಳದಲ್ಲಿ ಬಕೆಟ್ಟು ಕಲಸುತ್ತಿದ್ದಾಗ ನಾನು ಅತ್ತೆಯ ಕೋಣೆಗೆ ಹೋದೆ. ಹೊಗೆಗೆ ಗೋಡೆ ಕಂದಿತ್ತು, ಕೆಮ್ಮಣ್ಣು ಮಾಸಿರಲಿಲ್ಲ. ಏಣಿಯ ಬುಡದಿಂದ ಎಣಿಸಿದೆ. ಮೂವತ್ತೊಂಬತ್ತು. ಕೊನೆಯ ಮೋಟಿನ ಆಚೆ ಬಾಗಿಲಿನ ತನಕ ಖಾಲಿ. ಹಿತ್ತಲಿಗೆ ಹೋಗಿ ಚಿಪ್ಪಿನಲ್ಲಿ ಕೆಮ್ಮಣ್ಣು ಕಲಸಿ ತಂದೆ, ಗರಿಕಡ್ಡಿಯ ತುದಿ ಜಜ್ಜಿದೆ. ಒಂದೇ ಗರಿ. ಯಾರೂ ಕೇಳುವವರಿಲ್ಲ, ತೀರ್ಪುಗಾರರಿಲ್ಲ. ಕಡ್ಡಿಯನ್ನು ಗೋಡೆಯ ಹತ್ತಿರ ಹಿಡಿದು ನಿಂತೆ. ನನ್ನದೇ ನೆರಳು ಗೋಡೆಗೆ ಬಿದ್ದಿತ್ತು. ಪಕ್ಕಕ್ಕೆ ಸರಿದೆ. ಕಡ್ಡಿಯ ತುದಿಯಲ್ಲಿ ಮಣ್ಣು ಒಣಗಿತು.

ಪೇಂಟರ್ ಬಾಗಿಲಲ್ಲಿ ನಿಂತಿದ್ದ.

"ಅಕ್ಕ, ಈ ಗೋಡೆ ಬಳೀಲಾ, ಬ್ಯಾಡ್ವಾ?"

ಬಳಿ ಅನ್ನುವುದಕ್ಕೂ ನನ್ನ ಹತ್ತಿರ ವಾದವಿತ್ತು, ಬೇಡ ಅನ್ನುವುದಕ್ಕೂ ಇತ್ತು.

"ಅಕ್ಕ?"

"ಸ್ವಲ್ಪ ತಡಿಯಪ್ಪ," ಅಂದೆ. "ನೋಡ್ತಾ ಇದೀನಿ."